ಹೆರಿಗೆಗೆ ಪಿಎಚ್‌ಸಿಯೋ (ಪ್ರಾಥಮಿಕ ಆರೋಗ್ಯ ಕೇಂದ್ರ), ತಾಲ್ಲೂಕು ಆಸ್ಪತ್ರೆಯೋ, ನರ್ಸಿಂಗ್ ಹೋಮೋ?

ಮೊದಲು ಖರ್ಚು. ಸರ್ಕಾರಿ ಆಸ್ಪತ್ರೆಯಲ್ಲಿ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಬಾಣಂತಿಯ ಊಟ ಎಲ್ಲಾ ಉಚಿತ. ಹಾಗಂತ ಬರಿಗೈಲಿ ಹೋಗಬೇಡಿ. ಜೊತೆಗಿರುವವರ ಊಟ, ಓಡಾಟ ನಿಮ್ಮದೇ. ನರ್ಸಿಂಗ್ ಹೋಮಲ್ಲಿ ಬೇರೆ ರೂಮು, ಗೊತ್ತಿರುವ ಡಾಕ್ಟರು. ಕೈಯಲ್ಲಿ ದುಡ್ಡಿದ್ದರೆ ಸರಿ. ಸಾಲ ಮಾಡಿ ಹೋಗುವಂಥದ್ದೇನಿಲ್ಲ ಅನ್ನುವುದು ನನ್ನ ಲೆಕ್ಕ.

ಪಿಎಚ್‌ಸಿ ಹತ್ತಿರ. ಹಿಂದಿನ ಹೆರಿಗೆ ಸಲೀಸಾಗಿ ಆಗಿದ್ದು, ಬಿಪಿ, ರಕ್ತ ಸರಿಯಿದ್ದರೆ ಅದೇ ಸಾಕು. ರಾತ್ರಿ ನರ್ಸ್ ಇರ್ತಾರಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ.

ಅವಳಿ ಮಕ್ಕಳು, ಬಿಪಿ ಜಾಸ್ತಿ, ಹಿಂದೆ ಸಿಸೇರಿಯನ್ ಆಗಿದೆ ಅಂದ್ರೆ ಸುಮ್ನೆ ಪಿಎಚ್‌ಸಿಯಲ್ಲಿ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಗೇ ಹೋಗಿ. ಅಲ್ಲೂ ಅರಿವಳಿಕೆ ಡಾಕ್ಟರಿಲ್ಲದಿದ್ದರೆ ಜಿಲ್ಲಾಸ್ಪತ್ರೆ. ನೋವು ಶುರುವಾದರೆ 108 ಉಚಿತ. ತಾಯಿ ಕಾರ್ಡ್ ಚೀಲದಲ್ಲೇ ಇರಲಿ.