ಬಟನ್ ಒತ್ತಿದರೂ ಕಾರು ಸ್ಟಾರ್ಟ್ ಆಗದಿದ್ದಾಗ: ಮಲ್ಟಿಮೀಟರ್ ಮತ್ತು ಓಬಿಡಿ ಅಡಾಪ್ಟರ್, ಬಹುಕಾಲದ ಬಳಕೆಯ ನಂತರ

ಇಲ್ಲಿ ವಿಮರ್ಶೆಗೆ ಇರುವುದು ಎರಡು ಸಾಧನ. ಒಂದು, ಮಿನ್-ಮ್ಯಾಕ್ಸ್ ಬಟನ್ (ಅಳತೆಯ ಕನಿಷ್ಠ, ಗರಿಷ್ಠ ಅಂಕಿ ಹಿಡಿದಿಡುವಂಥದ್ದು) ಇರುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಅಂದರೆ ವೋಲ್ಟ್, ಆಂಪ್, ಓಮ್ ಅಳೆಯುವ ಮೀಟರ್. ಇನ್ನೊಂದು, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಇಎಲ್‌ಎಂ 327 ಮಾದರಿಯ ಬ್ಲೂಟೂತ್ ಅಡಾಪ್ಟರ್, ಕಾರಿನ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸಿ ದೋಷದ ಕೋಡುಗಳನ್ನು ಮೊಬೈಲಿನಲ್ಲಿ ಓದುವಂಥದ್ದು. ಪುಶ್ ಬಟನ್ ಕಾರುಗಳ ಸ್ಟಾರ್ಟಿಂಗ್ ತೊಂದರೆಗೆ ಎರಡನ್ನೂ ಬಳಸಿದ ಮೇಲೆ ಹೇಳುವುದಿಷ್ಟು: ದುಡ್ಡು ಒಂದಕ್ಕೇ ಇದ್ದರೆ ಮಲ್ಟಿಮೀಟರ್ ಕೊಳ್ಳಿ. ಜಾಹೀರಾತು ನೋಡಿದವರು ಸಾಮಾನ್ಯವಾಗಿ ಉಲ್ಟಾ ಮಾಡುತ್ತಾರೆ.

ಕೀಲಿ ತಿರುಗಿಸುವ ಹಳೆಯ ಕಾರಿನಲ್ಲಿ ಸ್ವಿಚ್ಚೇ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಕಡೆಗೆ ಕರೆಂಟು ಬಿಡುತ್ತಿತ್ತು. ಇಲ್ಲಿ ಬಟನ್ ಬರೀ ಅರ್ಜಿ ಹಾಕುತ್ತದೆ. ಮಂಜೂರು ಮಾಡುವುದು ಮಾಡ್ಯೂಲ್, ಅಂದರೆ ಕಾರಿನೊಳಗಿನ ಪುಟ್ಟ ಕಂಪ್ಯೂಟರ್. ಅದು ಕಾರಿನೊಳಗಿನ ಆಂಟೆನಾಗಳಿಂದ 125 ಕಿಲೋಹರ್ಟ್ಸ್‌ನಲ್ಲಿ ಕೀಯನ್ನು ಎಬ್ಬಿಸುತ್ತದೆ. ಕೀ 433 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಬ್ರೇಕ್ ತುಳಿದಿದೆಯೇ, ಗೇರ್ ಪಿ (ಪಾರ್ಕ್) ಅಥವಾ ಎನ್‌ನಲ್ಲಿ (ನ್ಯೂಟ್ರಲ್) ಇದೆಯೇ, ಸ್ಟೀರಿಂಗ್ ಲಾಕ್ ಬಿಟ್ಟಿದೆಯೇ ಎಂದೆಲ್ಲ ನೋಡಿ ಕೊನೆಗೆ ಸ್ಟಾರ್ಟರ್ ರಿಲೇ (ಸೆಲ್ಫ್ ಕಡೆಗೆ ಕರೆಂಟು ಬಿಡುವ ವಿದ್ಯುತ್ ಸ್ವಿಚ್) ಎಳೆಯುತ್ತದೆ. ಒಂದು ಸಹಿ ತಪ್ಪಿದರೂ ಫೈಲು ಮುಂದೆ ಹೋಗುವುದಿಲ್ಲ. ಬಟನ್ನೇ ಕೆಟ್ಟಿರುವುದು ಅಪರೂಪ, ಆದರೂ ಜನ ಮೊದಲು ಬದಲಿಸುವುದು ಅದನ್ನೇ.

ಮೀಟರನ್ನು ಮೊದಲು ಇಡಬೇಕಾದದ್ದು ಬ್ಯಾಟರಿ ಮೇಲೆ. ಕಾರು ಒಂದು ರಾತ್ರಿ ನಿಂತ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12.0 ಅಂದರೆ ಕಾಲು ಭಾಗ ಉಳಿದಿದೆ. ಈ ಒಂದು ಅಳತೆ ನಂಬಿ ಕೂರಬೇಡಿ. ಮಿನ್-ಮ್ಯಾಕ್ಸ್ ಒತ್ತಿಟ್ಟು ಸೆಲ್ಫ್ ಹೊಡೆಸಿ. ಕನಿಷ್ಠ ಅಂಕಿ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ವೋಲ್ಟೇಜ್ ಕುಸಿದರೆ ಮಾಡ್ಯೂಲುಗಳು ರೀಸೆಟ್ ಆಗಿ, ಡ್ಯಾಶ್‌ಬೋರ್ಡಿನಲ್ಲಿ ಸಂಬಂಧವೇ ಇಲ್ಲದ ನಾಲ್ಕಾರು ದೀಪ ಒಟ್ಟಿಗೆ ಹತ್ತುತ್ತವೆ, ಕೆಲವೊಮ್ಮೆ 'ಕೀ ಪತ್ತೆಯಾಗಿಲ್ಲ' ಎಂಬ ಸಂದೇಶವೂ ಬರುತ್ತದೆ. ಈ ಒಂದು ಸೌಲಭ್ಯಕ್ಕಾಗಿಯೇ ಮಿನ್-ಮ್ಯಾಕ್ಸ್ ಇಲ್ಲದ ಮೀಟರ್ ಬೇಡ ಅನ್ನುವುದು.

ಟಕ್ ಟಕ್ ಸದ್ದು ಬಂದು ಸೆಲ್ಫ್ ತಿರುಗದಿದ್ದರೆ ವೋಲ್ಟೇಜ್ ಡ್ರಾಪ್, ಅಂದರೆ ತಂತಿಯಲ್ಲೇ ಕಳೆದುಹೋಗುವ ವೋಲ್ಟೇಜ್, ಎಷ್ಟಿದೆ ನೋಡಿ. ಒಂದು ಪ್ರೋಬನ್ನು ಬ್ಯಾಟರಿಯ ಪ್ಲಸ್ ಕಂಬದ ಸೀಸದ ಮೇಲೆ ಇಡಿ, ಕ್ಲ್ಯಾಂಪಿನ ಮೇಲಲ್ಲ. ಇನ್ನೊಂದನ್ನು ಸೆಲ್ಫ್‌ನ ದಪ್ಪ ಬೋಲ್ಟಿನ ಮೇಲೆ. ಸೆಲ್ಫ್ ಹೊಡೆಯುವಾಗ 0.5 ವೋಲ್ಟಿನೊಳಗೆ ಇರಬೇಕು. ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ 0.2ರ ಆಸುಪಾಸು. ಹೆಚ್ಚು ಬಂದರೆ ಅರ್ತ್ ಪಟ್ಟಿಯ ಬೋಲ್ಟಿನಡಿ ತುಕ್ಕು ಹಿಡಿದಿರುತ್ತದೆ.

ಕೀ ಸೆಲ್ ಬಹುತೇಕ ಸಿಆರ್ 2032, ಹೊಸದಿದ್ದಾಗ 3.2 ವೋಲ್ಟಿನಷ್ಟು ಇರುತ್ತದೆ. ಮೀಟರಿನಲ್ಲಿ 2.9 ತೋರಿಸಿದರೂ ಸಿಗ್ನಲ್ ಕಳಿಸುವ ಹೊತ್ತಿಗೆ ಕುಸಿಯಬಹುದು, ಅನುಮಾನ ಬಂದರೆ ಬದಲಿಸಿಬಿಡಿ. ಪರೀಕ್ಷೆ ಸುಲಭ: ಕೀಯನ್ನು ಬಟನ್ನಿಗೇ ತಾಗಿಸಿ ಒತ್ತಿ (ಕೆಲವು ಕಾರಿನಲ್ಲಿ ಅದಕ್ಕೆ ಬೇರೆ ಜಾಗ ಇರುತ್ತದೆ, ಮ್ಯಾನುವಲ್ ನೋಡಿ). ಕೀಯೊಳಗಿನ ಟ್ರಾನ್ಸ್‌ಪಾಂಡರಿಗೆ (ಗುರುತು ಹೇಳುವ ಚಿಪ್) ಸೆಲ್ ಬೇಕಿಲ್ಲ. ಹೀಗೆ ಸ್ಟಾರ್ಟ್ ಆದರೆ ತೊಂದರೆ ಸೆಲ್ ಅಥವಾ ಸಿಗ್ನಲ್ ಕಡೆಗಿದೆ. ಮೊಬೈಲ್ ಮತ್ತು ಚಾರ್ಜರ್ ಪಕ್ಕ ಕೀ ಇಟ್ಟಿದ್ದರೆ ದೂರ ಇಟ್ಟು ಮತ್ತೆ ಒತ್ತಿ ನೋಡಿ.

ಡ್ಯಾಶ್‌ಬೋರ್ಡ್ ಬೆಳಗಿ ಸೆಲ್ಫ್ ಮಾತ್ರ ಸದ್ದಿಲ್ಲದಿದ್ದರೆ ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ತುಳಿಯಿರಿ. ಬ್ರೇಕ್ ಲೈಟು ಹತ್ತದಿದ್ದರೆ ಫ್ಯೂಸ್ ಇಲ್ಲವೇ ಪೆಡಲಿನ ಮೇಲಿನ ಸ್ವಿಚ್. ಹಲವು ಕಾರುಗಳ ಸ್ವಿಚ್ಚಿನಲ್ಲಿ ಎರಡು ಸರ್ಕ್ಯೂಟ್ ಇರುತ್ತವೆ, ಹಾಗಾಗಿ ಲೈಟು ಹತ್ತಿದ ಮಾತ್ರಕ್ಕೆ ಸ್ವಿಚ್ ಸರಿ ಎನ್ನಲಾಗದು. ಕನೆಕ್ಟರ್ ಬಿಚ್ಚಿ ಎರಡನ್ನೂ ಮೀಟರಿನ ಕಂಟಿನ್ಯೂಟಿಯಲ್ಲಿ (ಸರ್ಕ್ಯೂಟ್ ಕೂಡುತ್ತದೆಯೇ ಎಂದು ತೋರಿಸುವ ಸೆಟ್ಟಿಂಗ್) ನೋಡಬೇಕು. ಎಂಜಿನ್ ಆಫ್ ಇರುವಾಗ ಪೆಡಲನ್ನು ನಾಲ್ಕಾರು ಬಾರಿ ತುಳಿದರೆ ಪೆಡಲ್ ಹಗುರ ಮಾಡುವ ಬೂಸ್ಟರಿನ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಿನಂತಾಗುತ್ತದೆ, ಆಗ ಜೋರಾಗಿ ತುಳಿಯದಿದ್ದರೆ ಸ್ವಿಚ್ ಕೆಲಸ ಮಾಡದು. ಬ್ರೇಕ್ ಲೈಟ್ ಫ್ಯೂಸ್ ಹೋದಾಗ ಎಸಿಸಿ ಸ್ಥಿತಿಯಲ್ಲಿ (ಎಂಜಿನ್ ಇಲ್ಲದೆ ರೇಡಿಯೋದಂಥವು ಮಾತ್ರ ನಡೆಯುವ ಸ್ಥಿತಿ) ಬಟನ್ನನ್ನು 10 ಸೆಕೆಂಡು ಒತ್ತಿ ಹಿಡಿಯುವ ತುರ್ತು ದಾರಿಯನ್ನು ಹ್ಯುಂಡೈ ಮ್ಯಾನುವಲ್‌ಗಳು ಕೊಡುತ್ತವೆ. ಕ್ಲಚ್ ಸ್ವಿಚ್ಚನ್ನೂ ಹೀಗೇ ಪರೀಕ್ಷಿಸಿ. ಆಟೋಮ್ಯಾಟಿಕ್ ಆದರೆ ಪಿ ಬದಲು ಎನ್‌ಗೆ ಹಾಕಿ ಒಮ್ಮೆ ಒತ್ತಿ ನೋಡಿ.

ಇಷ್ಟಕ್ಕೂ ಸಿಗದಿದ್ದರೆ ಸ್ಟಾರ್ಟರ್ ರಿಲೇ. ಮೀಟರಿನ ಬೆಲೆ ವಸೂಲಾಗುವುದು ಇಲ್ಲೇ. ರಿಲೇ ಕಿತ್ತು ಸಾಕೆಟ್ಟಿನ 30ನೇ ಕಾಲಿನಲ್ಲಿ 12 ವೋಲ್ಟ್ ಇದೆಯೇ ನೋಡಿ. ರಿಲೇ ಮತ್ತೆ ಅದರ ಜಾಗಕ್ಕೆ ಹಾಕಿ, ಬದಿಯಿಂದ ತೆಳು ಪಿನ್ ತೂರಿಸಿ, ಇನ್ನೊಬ್ಬರು ಬಟನ್ ಒತ್ತುವಾಗ 85 ಮತ್ತು 86ನೇ ಕಾಲುಗಳ (ರಿಲೇ ಕಾಯಿಲಿನ ಎರಡು ತುದಿ) ನಡುವೆ ಅಳೆಯಿರಿ. 12 ವೋಲ್ಟ್ ಬಂದರೆ ಮಾಡ್ಯೂಲ್ ಒಪ್ಪಿಗೆ ಕೊಟ್ಟಿದೆ. ದೋಷ ರಿಲೇ, ವೈರ್ ಅಥವಾ ಸೆಲ್ಫ್‌ನಲ್ಲಿದೆ. ಬರದಿದ್ದರೆ ದೋಷ ಅದಕ್ಕಿಂತ ಹಿಂದೆ, ಸೆಲ್ಫ್ ಬಿಚ್ಚುವ ಅಗತ್ಯವೇ ಇಲ್ಲ. ಮೀಟರಿನ ದಪ್ಪ ಪ್ರೋಬನ್ನು ಸಾಕೆಟ್ಟಿಗೆ ನೇರ ತುರುಕಬೇಡಿ, ಒಳಗಿನ ಲೋಹದ ಪಟ್ಟಿ ಅಗಲವಾಗಿ ಆಮೇಲೆ ಅದೇ ಹೊಸ ದೋಷವಾಗುತ್ತದೆ. 21 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪನ್ನಂತೂ ಇಲ್ಲಿ ತರಲೇಬೇಡಿ: ಕಾಯಿಲ್ ಎಳೆಯುವುದು 0.2 ಆಂಪಿನ ಒಳಗೆ, ಆ ಬಲ್ಬು ಒಂದೂಮುಕ್ಕಾಲು ಆಂಪ್ ಎಳೆದು ಮಾಡ್ಯೂಲಿನ ಟ್ರಾನ್ಸಿಸ್ಟರ್ ಸುಡಬಹುದು.

ಇನ್ನು ಅಡಾಪ್ಟರ್. ಅಗ್ಗದ ಪ್ರತಿಗಳು, ಉಚಿತ ಆ್ಯಪ್ ಜೊತೆಗೆ, ಎಂಜಿನ್ ಇಸಿಯುವಿನ (ಎಂಜಿನ್ ನಡೆಸುವ ಕಂಪ್ಯೂಟರ್) ಸಾಮಾನ್ಯ ಕೋಡುಗಳನ್ನಷ್ಟೇ ಓದುತ್ತವೆ. ಕೀ, ಆಂಟೆನಾ, ಸ್ಟೀರಿಂಗ್ ಲಾಕ್ ಕುರಿತ ಕೋಡುಗಳು ಬಾಡಿ ಮಾಡ್ಯೂಲಿನಲ್ಲಿರುತ್ತವೆ. ಅಲ್ಲಿಗೆ ಇವು ಹೋಗುವುದಿಲ್ಲ. ಕಾರು ಸ್ಟಾರ್ಟ್ ಆಗುವುದಿಲ್ಲ, ಆ್ಯಪ್ ಮಾತ್ರ 'ದೋಷವಿಲ್ಲ' ಎನ್ನುತ್ತದೆ. ಪಿ0615 ಬಂದರೆ ಸ್ಟಾರ್ಟರ್ ರಿಲೇ ಸರ್ಕ್ಯೂಟ್, ಪಿ0850 ಆದರೆ ಪಾರ್ಕ್-ನ್ಯೂಟ್ರಲ್ ಸ್ವಿಚ್. ಇಷ್ಟು ಉಪಯೋಗ ಇದೆ. ಸೆಲ್ಫ್ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಪಿ0335 ನೋಡಬಹುದು, ಅದು ಕ್ರ್ಯಾಂಕ್ ಸೆನ್ಸರ್. ಯು0100ರಂಥ ಸಂಪರ್ಕದ ಕೋಡ್ ಬಂದಾಗ ಮತ್ತೆ ಮೀಟರೇ ಗತಿ: ಬ್ಯಾಟರಿ ಬಿಚ್ಚಿ ಓಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಬರಬೇಕು, 120 ಬಂದರೆ ಮಾಡ್ಯೂಲುಗಳನ್ನು ಬೆಸೆಯುವ ಕ್ಯಾನ್ ವೈರಿನ ಒಂದು ತುದಿ ಕಡಿದಿದೆ. ಬಾಡಿ ಮಾಡ್ಯೂಲ್ ಓದುವ ಸ್ಕ್ಯಾನರ್ ದುಬಾರಿ, ಅದು ಗ್ಯಾರೇಜಿನವರಿಗೆ ಸರಿ. ಅಡಾಪ್ಟರನ್ನು ಸಾಕೆಟ್ಟಿನಲ್ಲೇ ಬಿಟ್ಟರೆ ಅದೂ ಬ್ಯಾಟರಿ ಹೀರುತ್ತದೆ, ತೆಗೆದಿಡಿ.

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಮೀಟರನ್ನು 10 ಆಂಪ್ ಸಾಕೆಟ್ಟಿಗೆ ಬದಲಿಸಿ ಮೈನಸ್ ತಂತಿಯೊಂದಿಗೆ ಸರಣಿಯಲ್ಲಿ ಹಾಕಿ. ಬಾಗಿಲ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದಂತೆ ಮಾಡಿ, ಕೀ ದೂರ ಇಟ್ಟು ಅರ್ಧ ಗಂಟೆ ಕಾಯಿರಿ. ಕೀ ಹತ್ತಿರ ಇದ್ದರೆ ಕೆಲವು ಕಾರುಗಳ ಮಾಡ್ಯೂಲ್ ಮಲಗುವುದೇ ಇಲ್ಲ. ಆಮೇಲೆ 50 ಮಿಲಿ ಆಂಪಿನ ಒಳಗಿದ್ದರೆ ಚಿಂತೆಯಿಲ್ಲ. ಈ ಸ್ಥಿತಿಯಲ್ಲಿ ಸ್ಟಾರ್ಟ್ ಬಟನ್ ಒತ್ತಿದರೆ ಮೀಟರಿನ ಫ್ಯೂಸ್ ಹಾರುತ್ತದೆ. 10 ಆಂಪ್ ದಾರಿಯಲ್ಲಿ ಫ್ಯೂಸೇ ಇಲ್ಲದ ಅಗ್ಗದ ಮೀಟರುಗಳಿವೆ, ಅವು ಬೇಡ. ಪರದೆಯಲ್ಲಿ ಬ್ಯಾಟರಿ ಚಿಹ್ನೆ ಬಂದ ಮೀಟರಿನಿಂದಲೂ ಅಳೆಯಬೇಡಿ. ಒಳಗಿನ ಸೆಲ್ ಇಳಿದಾಗ ಅದು ವೋಲ್ಟೇಜನ್ನು ಹೆಚ್ಚಾಗಿ ತೋರಿಸಿ, ಸೋತ ಬ್ಯಾಟರಿಯನ್ನೂ ಪಾಸು ಮಾಡಿಬಿಡುತ್ತದೆ.