ಹಳೇ ಕಂಪ್ರೆಸರನ್ನು ಬಿಚ್ಚದೆ ಪೇಂಟ್ ತೆಗೆಸಲು ಕೊಡಬೇಡಿ

ಅಪ್ಪನ ಪಂಕ್ಚರ್ ಅಂಗಡಿಯ ಪುಟ್ಟ ಕಂಪ್ರೆಸರನ್ನು ನಾನೇ ಕೈಯಾರೆ ಹಾಳು ಮಾಡಿಸಿದೆ. ಹಳೇ ಮೆಷಿನ್ ರೆಡಿ ಮಾಡಿಸಿ ಮನೆಯಲ್ಲಿ ಇಡಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ.

ಒಂದೇ ಸಿಲಿಂಡರ್, ಅರ್ಧ ಎಚ್‌ಪಿ ಮೋಟಾರ್, ಕೆಳಗೆ ಮೊಣಕಾಲೆತ್ತರದ ಟ್ಯಾಂಕ್. ‘30 ಪೌಂಡ್ ಹಾಕಿ’ ಅಂತ ಬಂದವರಿಗೆಲ್ಲ ಅಪ್ಪ ಇದರಿಂದಲೇ ಗಾಳಿ ತುಂಬುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಹಿತ್ತಲಲ್ಲಿ ಬಿದ್ದಿತ್ತು. ಹಾಲ್‌ನಲ್ಲಿ ನೋಡೋದಕ್ಕೆ ಇಡೋಣ ಅಂದುಕೊಂಡೆ.

ಪೌಡರ್ ಕೋಟಿಂಗ್ ಮಾಡುವ ಒಂದು ಶೆಡ್‌ಗೆ ಎಲ್ಲವನ್ನೂ ಒಟ್ಟಿಗೆ ಕೊಟ್ಟುಬಂದೆ. ‘ಹೊಸದರ ಥರ ಆಗುತ್ತೆ ಸಾರ್’ ಅಂದರು. ಹಳೇ ಪೇಂಟ್ ತೆಗೆಯಲು ಅವರು ಅದನ್ನು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟಿದ್ದರು. ಬೀಡುಕಬ್ಬಿಣದ ಬ್ಲಾಕ್‌ಗೆ ಏನೂ ಆಗಲಿಲ್ಲ. ಆದರೆ ಹೆಡ್, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳ, ಅಲ್ಯೂಮಿನಿಯಂ. ಅಲ್ಯೂಮಿನಿಯಂ ಕಾಸ್ಟಿಕ್‌ನಲ್ಲಿ ನೊರೆ ಎಬ್ಬಿಸಿ ಕರಗುತ್ತದೆ. ಜೊತೆಗೆ ಹೈಡ್ರೋಜನ್ ಬರುತ್ತದೆ, ಹತ್ತಿರ ಬೆಂಕಿ ಇದ್ದರೆ ಅದೇ ದೊಡ್ಡ ಅಪಾಯ. ಹೆಡ್ ಕೈಗೆ ಬಂದಾಗ ಕಪ್ಪಗಾಗಿತ್ತು. ಬಿಸಿ ಹೋಗಲು ಇರುವ ಪಟ್ಟಿಗಳ (ಫಿನ್) ಅಂಚು ಸವೆದು ಬ್ಲೇಡ್ ಹಾಗಾಗಿತ್ತು. ವಾಲ್ವ್ ಕೂರುವ ಜಾಗದ ತುಂಬ ಸಣ್ಣ ಸಣ್ಣ ಗುಳಿ.

ಸೀರಿಯಲ್ ನಂಬರ್ ಕೆತ್ತಿದ್ದ ಹಿತ್ತಾಳೆ ಪ್ಲೇಟನ್ನು ಅವರೇ ಕಿತ್ತು ಮೆಷಿನ್‌ನಲ್ಲಿ ಉಜ್ಜಿ ಪಾಲಿಶ್ ಮಾಡಿದ್ದರು. ಕನ್ನಡಿ ಹಾಗೆ ಹೊಳೆಯುತ್ತಿತ್ತು, ಅಕ್ಷರಗಳೇ ಇರಲಿಲ್ಲ. ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತವೆ. ಹೆಡ್‌ನಂಥದ್ದು ಗುಜರಿಯಲ್ಲಿ ಹುಡುಕಬಹುದು. ಪ್ಲೇಟ್ ಎಲ್ಲಿ ಸಿಗುತ್ತೆ ಹೇಳಿ?

ಹಾಗಾಗಿ ಕೊಡುವ ಮೊದಲು ಪೂರ್ತಿ ಬಿಚ್ಚಿ. ಅಯಸ್ಕಾಂತ ಹಿಡಿದು ನೋಡಿ. ಅಂಟದ ಭಾಗ ಅಲ್ಯೂಮಿನಿಯಂ, ಹಿತ್ತಾಳೆ ಏನೇ ಇರಲಿ, ಮನೆಯಲ್ಲೇ ಇಟ್ಟುಕೊಳ್ಳಿ. ಅವಕ್ಕೆ ಡೀಸೆಲ್, ಹಳೇ ಹಲ್ಲುಜ್ಜುವ ಬ್ರಷ್, ತಾಳ್ಮೆ ಸಾಕು. ಪ್ಲೇಟನ್ನು ಬಟ್ಟೆಯಲ್ಲಿ ಒರೆಸಿ, ಅಷ್ಟೇ. ಹಳೇ ಬಣ್ಣ ಗಟ್ಟಿಯಾಗಿದ್ದರೆ ಅದನ್ನೂ ಬಿಡಿ. ನಮ್ಮದರಲ್ಲಿ ಬೂದು ಬಣ್ಣದ ಕೆಳಗೆ ಹಸಿರಿತ್ತು, ಅದೂ ಹೋಯಿತು. ಕೆರೆಯಲೇಬೇಕಾದರೆ ಒಣಗಿದ್ದಾಗ ಕೆರೆಯಬೇಡಿ. ಹಳೇ ಪೇಂಟ್‌ನಲ್ಲಿ ಸೀಸ ಇರಬಹುದು. ನಮ್ಮಲ್ಲಿ ಮನೆ ಪೇಂಟ್‌ಗೇ ಸೀಸದ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರಲ್ಲಿ. ನೀರು ಹಾಕಿಕೊಂಡು ವಾಟರ್ ಪೇಪರ್‌ನಲ್ಲಿ ಉಜ್ಜಿ, ಮಕ್ಕಳನ್ನು ದೂರ ಇಡಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಬಂದವರಿಗೆ ತೋರಿಸಲು ಒಮ್ಮೆ ಗಾಳಿ ತುಂಬೋಣ ಅಂತ ನನಗೂ ಆಸೆಯಾಗಿತ್ತು. ಹೊಸ ಪೇಂಟ್‌ನಲ್ಲಿ ಟ್ಯಾಂಕ್ ಅಷ್ಟು ಚೆನ್ನಾಗಿ ಕಾಣುತ್ತಿತ್ತು. ಪಕ್ಕದ ಬೀದಿಯ ಫಿಟ್ಟರ್ ಅಣ್ಣ ಬಂದು ಅದನ್ನು ಮಗುಚಿ ಹಾಕಿ ತಳದ ನೀರು ಬಿಡುವ ಡ್ರೈನ್ ನಟ್ ಬಿಚ್ಚಿದರು. ಕೆಂಪು ನೀರು, ತುಕ್ಕಿನ ಹಕ್ಕಳೆ ಸುರಿಯಿತು. ಸ್ಕ್ರೂಡ್ರೈವರ್ ತುದಿ ಒತ್ತಿದರು, ತಳದಲ್ಲಿ ತೂತು ಬಿತ್ತು. ಗಾಳಿ ಒತ್ತಿದಾಗ ಅದರ ತೇವ ನೀರಾಗಿ ತಳ ಸೇರುತ್ತದೆ. ವರ್ಷಗಟ್ಟಲೆ ಡ್ರೈನ್ ತೆಗೆಯದಿದ್ದರೆ ಟ್ಯಾಂಕ್ ಒಳಗಿನಿಂದಲೇ ತಿಂದುಹೋಗುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ತುಂಬಿದ ಗಾಳಿ ಒಮ್ಮೆಲೇ ಹಿಗ್ಗಿದರೆ ತಗಡು ಚೂರಾಗಿ ಸಿಡಿಯುತ್ತೆ. ಅದಕ್ಕೇ ಟ್ಯಾಂಕ್‌ಗಳನ್ನು ನೀರು ತುಂಬಿ ಟೆಸ್ಟ್ ಮಾಡುವುದು. ನೀರು ಹೆಚ್ಚು ಕುಗ್ಗುವುದಿಲ್ಲ, ಒಡೆದರೂ ಅಷ್ಟು ಜೋರಾಗಿ ಸಿಡಿಯುವುದಿಲ್ಲ.

ಈಗ ಕಂಪ್ರೆಸರ್ ಹಾಲ್‌ನಲ್ಲಿದೆ. ಮೋಟಾರಿನ ವೈರ್ ಕತ್ತರಿಸಿದ್ದೇನೆ. ಡ್ರೈನ್ ನಟ್ ತೆಗೆದು ಪಕ್ಕದಲ್ಲೇ ಇಟ್ಟಿದ್ದೇನೆ, ಯಾರೂ ಗಾಳಿ ತುಂಬಲು ಆಗಬಾರದು ಅಂತ.