ಬಾಡಿಗೆ ಕಥೆ ಹೊತ್ತು ಸಂದರ್ಶನಕ್ಕೆ ಹೋಗಿ ನಾನು ಕೆಟ್ಟೆ

ಸಂದರ್ಶನದ ಕೋಣೆಯ ಹೊರಗೆ ಕಾಯುತ್ತಿದ್ದೆ. ಪಕ್ಕದ ಕುರ್ಚಿಯ ಅಭ್ಯರ್ಥಿ ಹಾಳೆಯೊಂದನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ಕಣ್ಣು ತಾನಾಗಿ ಅತ್ತ ಹೊರಳಿತು. ಸರ್ವರ್ ಕೆಟ್ಟ ದಿನ, ಕೌಂಟರಿನ ಮುಂದೆ ಉದ್ದನೆಯ ಸಾಲು, ಸಿಟ್ಟಿಗೆದ್ದ ಹಿರಿಯರೊಬ್ಬರು, ಸಾಲಿಗೆ ಟೋಕನ್ ಹಂಚಿ ಅವರನ್ನು ಸಮಾಧಾನಪಡಿಸಿದ ‘ನಾನು’. ಅದೇ ಕಥೆ ನನ್ನ ಚೀಲದಲ್ಲೂ ಇತ್ತು, ಅಲ್ಪವಿರಾಮದ ಸಮೇತ. ಇಬ್ಬರೂ ಒಂದೇ ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟಿದ್ದೆವು. ಆಗಲಾದರೂ ಎಚ್ಚೆತ್ತುಕೊಳ್ಳಬೇಕಿತ್ತು. ನಾನೋ, ಸದ್ಯ ಸರಿಯಾದದ್ದನ್ನೇ ಓದಿಕೊಂಡಿದ್ದೇನೆ ಎಂದು ನೆಮ್ಮದಿಪಟ್ಟೆ!

ಸರ್ಕಾರಿ ಹುದ್ದೆಗಳಿಗೆ ನಡೆಯುವ ಸಾಮರ್ಥ್ಯಾಧಾರಿತ ಸಂದರ್ಶನದಲ್ಲಿ ‘ನಿಮ್ಮ ಬಲ ಏನು, ದೌರ್ಬಲ್ಯ ಏನು’ ಎಂಬ ಹಳೆಯ ರಾಗ ಇರುವುದಿಲ್ಲ. ‘ಸಹೋದ್ಯೋಗಿಯ ಜೊತೆ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ’ ಎಂಬ ಧಾಟಿಯ ಪ್ರಶ್ನೆಗಳು ಬರುತ್ತವೆ. ಮುಂದೆ ಏನು ಮಾಡುತ್ತೇನೆ ಎಂದು ಯಾರು ಬೇಕಾದರೂ ಚೆಂದವಾಗಿ ಹೇಳಬಹುದು. ಹಿಂದೆ ಏನು ಮಾಡಿದ್ದೀರಿ ಎಂಬುದೇ ಮಂಡಳಿಗೆ ಬೇಕು. ಕೆಲಸಕ್ಕೆ ಆರಿಸುವಾಗ ಬುದ್ಧಿಮತ್ತೆಯ ಪರೀಕ್ಷೆಗಿಂತ ಆ ಕೆಲಸಕ್ಕೆ ಬೇಕಾದ ಸಾಮರ್ಥ್ಯವನ್ನೇ ಅಳೆಯಬೇಕು ಎಂದು ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೆಕ್‌ಕ್ಲೆಲೆಂಡ್ 1973ರಲ್ಲೇ ವಾದಿಸಿದ್ದರು. ಈ ಪದ್ಧತಿಯ ಬೇರುಗಳಲ್ಲಿ ಅದೂ ಒಂದು. ಎಲ್ಲ ಅಭ್ಯರ್ಥಿಗಳಿಗೂ ಮೂಲಪ್ರಶ್ನೆ ಸಾಮಾನ್ಯವಾಗಿ ಒಂದೇ. ಯಾವ ಮಟ್ಟದ ಉತ್ತರಕ್ಕೆ ಎಷ್ಟು ಅಂಕ ಎಂಬುದೂ ಮೊದಲೇ ನಿಗದಿಯಾಗಿರುತ್ತದೆ.

ಉತ್ತರ ಕಟ್ಟಲು ‘ಸ್ಟಾರ್’ (ಸಿಚುಯೇಷನ್, ಟಾಸ್ಕ್, ಆ್ಯಕ್ಷನ್, ರಿಸಲ್ಟ್) ಎಂಬ ಕ್ರಮವನ್ನು ಎಲ್ಲರೂ ಹೇಳಿಕೊಡುತ್ತಾರೆ: ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಬಂದ ಫಲ. ಕ್ರಮದಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ತರಬೇತುದಾರರು ಕ್ರಮದ ಜೊತೆಗೆ ಅದರೊಳಗೆ ತುಂಬುವ ಕಥೆಯನ್ನೂ ಮಾರುತ್ತಿದ್ದರು.

ಒಳಗೆ ಮೂವರಿದ್ದರು. ಎರಡನೆಯ ಪ್ರಶ್ನೆಗೇ ಸರ್ವರ್ ಕಥೆ ಹೇಳುವ ಅವಕಾಶ ಸಿಕ್ಕಿತು. ಎರಡೇ ನಿಮಿಷದಲ್ಲಿ, ಎಲ್ಲೂ ತಡವರಿಸದೆ ಒಪ್ಪಿಸಿದೆ. ನಡುವೆ ಕುಳಿತಿದ್ದ ಮೇಡಂ ತಲೆಯಾಡಿಸುತ್ತ ಬರೆದುಕೊಂಡರು. ಆಮೇಲೆ ಕೇಳಿದರು:

“ಸಾಲಿನಲ್ಲಿದ್ದವರಿಗೆ ಟೋಕನ್ ಕೊಡಬೇಕು ಎಂದು ಹೊಳೆದದ್ದು ಯಾರಿಗೆ?”

“ನಮಗೇ, ಮೇಡಂ.”

“ನಮಗೆ ಎಂದರೆ?”

“ಅಂದರೆ... ನನಗೆ.”

“ಸರಿ. ಟೋಕನ್ ಯಾವುದರ ಮೇಲೆ ಬರೆದಿರಿ?”

ಆ ಹಾಳೆಯಲ್ಲಿ ಅದು ಇರಲಿಲ್ಲ. ಪ್ರಿಂಟ್ ತೆಗೆದೆವು ಎಂದುಬಿಟ್ಟೆ. “ಆಗಲೇ ಕಂಪ್ಯೂಟರ್ ಒಂದೂ ಕೆಲಸ ಮಾಡುತ್ತಿರಲಿಲ್ಲ ಎಂದಿರಲ್ಲ?” ಅವರ ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಬಲಗಡೆಯವರು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಉಳಿದ ಇಪ್ಪತ್ತು ನಿಮಿಷ ಅವರು ಅದನ್ನು ಮತ್ತೆ ತೆರೆದದ್ದು ಒಂದೋ ಎರಡೋ ಸಲ. ನಿಜವಾಗಿ ನಡೆದದ್ದನ್ನು ಹೇಳುವಾಗಲೂ ನನ್ನ ಮಾತು ಸುಳ್ಳಿನಂತೆಯೇ ಕೇಳಿಸುತ್ತಿತ್ತು, ನನ್ನ ಕಿವಿಗೇ.

ಅಂಕಪಟ್ಟಿ ಬಂದಾಗ ‘ಸಾರ್ವಜನಿಕ ಸೇವೆ’ ಎಂಬ ತಲೆಬರಹದ ಕೆಳಗೆ ಕನಿಷ್ಠ ಮಟ್ಟಕ್ಕಿಂತ ಕಡಿಮೆ ಅಂಕ. ಪಕ್ಕದಲ್ಲಿ ಒಂದೇ ಸಾಲಿನ ಟಿಪ್ಪಣಿ: ‘ವೈಯಕ್ತಿಕ ಪಾತ್ರಕ್ಕೆ ಪುರಾವೆ ಸಾಲದು.’

ಹೊಟ್ಟೆ ಉರಿಯುವುದು ಇಲ್ಲಿ. ನನ್ನ ಹತ್ತಿರ ನಿಜವಾದ ಘಟನೆಯೊಂದು ಇತ್ತು. ಹಿಂದಿನ ಕೆಲಸದಲ್ಲಿ ಒಂದು ಅರ್ಜಿ ನಮೂನೆಯ ನಾಲ್ಕನೆಯ ಕಾಲಂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ತಪ್ಪು ತುಂಬಿ, ವಾಪಸಾಗಿ, ಜನ ಎರಡೆರಡು ಸಲ ಅಲೆಯುತ್ತಿದ್ದರು. ವಾಪಸಾದ ಅರ್ಜಿಗಳನ್ನು ಎರಡು ವಾರ ಎಣಿಸಿ, ಮೇಲಧಿಕಾರಿಗೆ ತೋರಿಸಿ, ತುಂಬಿದ ಮಾದರಿ ಅರ್ಜಿಯೊಂದನ್ನು ಕೌಂಟರಿನ ಗಾಜಿಗೆ ಅಂಟಿಸಿದ್ದೆ. “ಗೋಡೆ ಹಾಳು ಮಾಡಬೇಡ” ಎಂದು ಮೊದಲು ಬೈಸಿಕೊಂಡೂ ಇದ್ದೆ, ಆಮೇಲೆ ಗಾಜಿಗೆ ಒಪ್ಪಿದ್ದರು. ಇದನ್ನು ಹೇಳಿದಾಗ ತರಬೇತುದಾರರು “ತೀರಾ ಸಣ್ಣದಾಯಿತು, ಮಂಡಳಿಗೆ ದೊಡ್ಡ ಸಂಗತಿ ಬೇಕು” ಎಂದು ಕೈಬೀಸಿಬಿಟ್ಟರು. ನಂಬಿದೆ. ಆ ಘಟನೆಯಾಗಿದ್ದರೆ ಮೇಡಂ ಸಂಜೆಯವರೆಗೆ ಕೇಳಿದ್ದರೂ ಉತ್ತರವಿತ್ತು. ಯಾವ ಅಂಟು ಬಳಸಿದೆ ಎನ್ನುವುದು ಕೂಡ ನೆನಪಿದೆ.

ಇನ್ನೊಂದು ಗುಂಡಿಯನ್ನು ನನಗೆ ಯಾರೂ ತೋರಿಸಿರಲಿಲ್ಲ. ಅದು ನಾವು ಬರೆಯುವ ಭಾಷೆಯಲ್ಲೇ ಇದೆ. ಕಚೇರಿಯಲ್ಲಿ ಕೆಲಸ ಮಾಡಿದವರ ನಾಲಿಗೆಗೆ ‘ಕ್ರಮ ಕೈಗೊಳ್ಳಲಾಯಿತು’, ‘ಸಮಸ್ಯೆಯನ್ನು ಪರಿಹರಿಸಲಾಯಿತು’ ಅಂಟಿಕೊಂಡಿರುತ್ತದೆ. ಕೈಗೊಂಡವರು ಯಾರು? ವಾಕ್ಯದಲ್ಲಿ ಆಸಾಮಿಯೇ ಇಲ್ಲ! ಜೊತೆಗೆ ‘ನಾನು’ ಎಂದರೆ ಜಂಬವಾದೀತು ಎಂಬ ಸಂಕೋಚಕ್ಕೆ ‘ನಾವು’ ಎನ್ನುತ್ತೇವೆ. ಕಡತಕ್ಕೆ ಇದು ಸಲ್ಲುತ್ತದೆ, ಮನೆಯಲ್ಲಿ ವಿನಯ ಅನ್ನಿಸಿಕೊಳ್ಳುತ್ತದೆ. ಅಂಕ ಕೊಡುವವರಿಗೆ ಮಾತ್ರ ನೀವು ಕಾಣಿಸುವುದೇ ಇಲ್ಲ. ತಂಡದ ಕೆಲಸವನ್ನು ತಂಡದ್ದೆಂದೇ ಹೇಳಿ, ಅದರಲ್ಲಿ ನಿಮ್ಮ ಪಾಲು ಎಷ್ಟೆಂಬುದನ್ನು ಬಿಡಿಸಿ ಹೇಳಿ. ನಾನು ಈಗ ಉತ್ತರಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ‘ಲಾಯಿತು’ ಎಷ್ಟು ಬಂತು ಎಂದು ಎಣಿಸುತ್ತೇನೆ. ಮೊದಲ ದಿನ ಹನ್ನೊಂದು.

ಈ ಬಾರಿಯ ತಯಾರಿ ಅಧಿಸೂಚನೆಯಿಂದಲೇ ಆರಂಭವಾಗಿದೆ. ಯಾವ ಸಾಮರ್ಥ್ಯಗಳನ್ನು ನೋಡುತ್ತಾರೆ ಎಂಬುದು ಹುದ್ದೆಯ ವಿವರಣೆಯಲ್ಲೇ ಬಹುಮಟ್ಟಿಗೆ ಇರುತ್ತದೆ. ಹಿಂದಿನ ಸಲ ನಾನು ಅದರಲ್ಲಿ ಸಂಬಳದ ಸಾಲನ್ನು ಮಾತ್ರ ಎರಡು ಸಲ ಓದಿದ್ದೆ. ಆರು ನಿಜ ಘಟನೆಗಳನ್ನು ಬರೆದಿಟ್ಟಿದ್ದೇನೆ, ಅವುಗಳಲ್ಲಿ ಎರಡು ನಾನು ಸೋತ ಘಟನೆಗಳು. ಸೋತದ್ದನ್ನು ಕೇಳಿಯೇ ಕೇಳುತ್ತಾರೆ, ಆಗ ‘ನಾನು ಅತಿಯಾಗಿ ದುಡಿಯುತ್ತೇನೆ’ ಎಂಬ ಉತ್ತರ ದಯವಿಟ್ಟು ಬೇಡ. ಉತ್ತರಗಳನ್ನು ಉರು ಹೊಡೆಯುತ್ತಿಲ್ಲ. ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಘಟನೆ ಹೇಳುತ್ತೇನೆ. ಅವಳ ಕೆಲಸ ‘ಯಾಕೆ?’, ‘ಯಾರು?’, ‘ಆಮೇಲೆ?’ ಎಂದು ಪೀಡಿಸುವುದು. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂದಹಾಗೆ, ಸರ್ವರ್ ಕೆಟ್ಟ ದಿನದ ಆ ಹಾಳೆ ನಿಮ್ಮ ಕೈಗೂ ಬಂದಿದ್ದರೆ, ಟೋಕನ್ನಿನ ಪ್ರಶ್ನೆಗೆ ಉತ್ತರ ಹುಡುಕುತ್ತ ಕೂರಬೇಡಿ. ಪಕ್ಕದ ಕುರ್ಚಿಯವರು ನನ್ನ ನಂತರವೇ ಒಳಗೆ ಹೋದರು.